ಶಾಲೆಯ ಕಂಪ್ಯೂಟರಿಗೂ ಬಿಸಿಯೂಟದಂಥ ಲೆಕ್ಕ ಬೇಕು



ಶ್ರಾವಣ ಬಂತು. ಊರೂರಿನ ಮಠಗಳಲ್ಲಿ, ಬಸವ ಮಂಟಪಗಳಲ್ಲಿ ತಿಂಗಳಿಡೀ ಪ್ರವಚನಗಳು ನಡೆಯುತ್ತವೆ. ನಮ್ಮ ಜನ ಇಷ್ಟು ದೊಡ್ಡ ಸಂಖ್ಯೆಯಲ್ಲಿ, ಇಷ್ಟು ದಿನ ಸತತವಾಗಿ ಕೂಡುವುದು ವರ್ಷದಲ್ಲಿ ಇದೊಂದೇ ತಿಂಗಳು. ಹೀಗೆ ಕೂಡಿದವರ ಮುಂದೆ ಇಡಲೆಂದು ಈ ಸಲದ ಸಂಪಾದಕೀಯಕ್ಕೆ ಒಂದೇ ವಿಷಯ ಆರಿಸಿಕೊಂಡಿದ್ದೇನೆ. ಸರ್ಕಾರಿ ಶಾಲೆಗಳ ಕಂಪ್ಯೂಟರ್ ಕೊಠಡಿ, ಅಂತರ್ಜಾಲ, ಅವನ್ನು ನಡೆಸುವ ಜನ ಮತ್ತು ಹಣ: ಇವಕ್ಕಾಗಿ ನಾವು ಸರ್ಕಾರದ ಮುಂದೆ ಏನನ್ನು ಕೇಳಬೇಕು, ಯಾವಾಗ ಕೇಳಬೇಕು, ಹೇಗೆ ಕೇಳಬೇಕು ಎಂಬುದು.

ಸರ್ಕಾರದ ಬಾಗಿಲು ತಟ್ಟುವುದು ನಮಗೆ ಹೊಸದೇನಲ್ಲ. ಬಸವಣ್ಣನವರನ್ನು ಕರ್ನಾಟಕದ ಸಾಂಸ್ಕೃತಿಕ ನಾಯಕರೆಂದು ಘೋಷಿಸಬೇಕೆಂದು ಪೂಜ್ಯರು ಕೂಡಿ ಕೇಳಿದರು. 2024ರ ಜನವರಿಯಲ್ಲಿ ಸಚಿವ ಸಂಪುಟ ಒಪ್ಪಿತು. ಬೇಡಿಕೆ ಒಂದೇ ಇತ್ತು, ಮಾತು ಸ್ಪಷ್ಟವಾಗಿತ್ತು, ಕೇಳಿದವರೆಲ್ಲ ಅದನ್ನೇ ಕೇಳಿದರು. ಶಾಲೆಯ ವಿಷಯಕ್ಕೆ ಬಂದಾಗ ಮಾತ್ರ ನಮ್ಮ ರೀತಿ ಬೇರೆ. ಒಂದು ಊರಿನವರು ಹತ್ತು ಕಂಪ್ಯೂಟರ್ ಕೇಳುತ್ತಾರೆ, ಪಕ್ಕದ ಊರಿನವರು ಸ್ಮಾರ್ಟ್ ಬೋರ್ಡ್, ಮತ್ತೊಬ್ಬರು ಪ್ರೊಜೆಕ್ಟರ್. ಶಾಸಕರು ತಮ್ಮ ನಿಧಿಯಿಂದಲೋ, ಯಾವುದಾದರೂ ಕಂಪನಿಯ ಸಾಮಾಜಿಕ ಹೊಣೆಗಾರಿಕೆಯ ಹಣದಿಂದಲೋ ಕೊಡಿಸುತ್ತಾರೆ. ಟೇಪು ಕತ್ತರಿಸುವುದು, ಶಾಲು, ಹಾರ, ಫೋಟೊ. ಅಂಥ ಫೋಟೊಗಳು ನಮ್ಮ ಪತ್ರಿಕೆಯ ಕಚೇರಿಗೂ ತಿಂಗಳಿಗೆ ನಾಲ್ಕಾರು ಬರುತ್ತವೆ. ಮೂರು ವರ್ಷದ ಮೇಲೆ ಅದೇ ಕೊಠಡಿಯ ಫೋಟೊ ತೆಗೆದು ಕಳಿಸಿದವರು ಇದುವರೆಗೆ ಯಾರೂ ಇಲ್ಲ.

ನಾನು ಮೂವತ್ತು ವರ್ಷಕ್ಕೂ ಮಿಕ್ಕಿ ಸರ್ಕಾರದ ಎಂಜಿನಿಯರಾಗಿ ದುಡಿದವನು. ಅಂದಾಜು ಪಟ್ಟಿ ಬರೆಯುವುದು, ಬರೆದದ್ದನ್ನು ಮಂಜೂರು ಮಾಡಿಸುವುದು, ಮಂಜೂರಾದದ್ದನ್ನು ಕಟ್ಟಿಸುವುದು ನನ್ನ ಕಾಯಕವಾಗಿತ್ತು. ಆ ಕಾಯಕ ಕಲಿಸಿದ ಒಂದು ಸಂಗತಿ ಇಲ್ಲಿ ಉಪಯೋಗಕ್ಕೆ ಬರುತ್ತದೆ. ಸರ್ಕಾರದ ಹಣಕ್ಕೆ ಎರಡು ಚೀಲಗಳಿವೆ. ಒಂದು ಬಂಡವಾಳ ವೆಚ್ಚದ್ದು, ಇನ್ನೊಂದು ರಾಜಸ್ವ ವೆಚ್ಚದ್ದು. ಬಜೆಟ್ ಪುಸ್ತಕದಲ್ಲಿ ಶಿಕ್ಷಣದ ಬಂಡವಾಳ ವೆಚ್ಚ 4202 ಎಂಬ ಲೆಕ್ಕ ಶೀರ್ಷಿಕೆಯ ಕೆಳಗೆ ಬರುತ್ತದೆ, ಸಾಮಾನ್ಯ ಶಿಕ್ಷಣದ ರಾಜಸ್ವ ವೆಚ್ಚ 2202ರ ಕೆಳಗೆ. ಸ್ಥೂಲವಾಗಿ ಹೇಳುವುದಾದರೆ ಕಟ್ಟುವುದು ಮೊದಲನೆಯದು, ನಡೆಸುವುದು ಎರಡನೆಯದು. ಮೊದಲನೆಯ ಚೀಲದಿಂದ ಹಣ ತರುವುದು ಕಷ್ಟವಲ್ಲ. ಒಮ್ಮೆ ಕೊಟ್ಟರೆ ಮುಗಿಯಿತು, ಕಲ್ಲಿನ ಮೇಲೆ ಹೆಸರೂ ಕೆತ್ತಿಸಬಹುದು. ಎರಡನೆಯದರಿಂದ ಸಣ್ಣ ಮೊತ್ತ ತರುವುದೂ ಕಷ್ಟ, ಏಕೆಂದರೆ ಈ ವರ್ಷ ಒಪ್ಪಿದರೆ ಮುಂದಿನ ಎಲ್ಲ ವರ್ಷಕ್ಕೂ ಒಪ್ಪಿದಂತೆ ಎಂದು ಆರ್ಥಿಕ ಇಲಾಖೆಗೆ ಚೆನ್ನಾಗಿ ಗೊತ್ತು. ಹಳ್ಳಿಗಳ ಕುಡಿಯುವ ನೀರಿನ ಕಾಮಗಾರಿಗಳಲ್ಲಿ ನಾನು ಇದನ್ನು ಕಣ್ಣಾರೆ ಕಂಡಿದ್ದೇನೆ. ಲಕ್ಷಗಟ್ಟಲೆ ಸುರಿದು ಕಟ್ಟಿದ ಟ್ಯಾಂಕು ಎತ್ತರಕ್ಕೆ ನಿಂತಿರುತ್ತದೆ. ಸುಟ್ಟ ಮೋಟಾರಿನ ವೈಂಡಿಂಗಿಗೆ ದುಡ್ಡಿಲ್ಲದೆ ಹೆಣ್ಣುಮಕ್ಕಳು ಕೊಡ ಹೊತ್ತು ಹಳೆಯ ಬಾವಿಗೇ ಹೋಗುತ್ತಿರುತ್ತಾರೆ. ಶಾಲೆಯ ಕಂಪ್ಯೂಟರ್ ಕೊಠಡಿಗೆ ಬಡಿದ ರೋಗವೂ ಇದೇ.

ಇದರ ಎದುರಿಗೆ ಬಿಸಿಯೂಟವನ್ನು ಇಟ್ಟು ನೋಡಿ. 2001ರ ನವೆಂಬರ್ 28ರಂದು ಸುಪ್ರೀಂ ಕೋರ್ಟು ಶಾಲೆಗಳಲ್ಲಿ ಬೇಯಿಸಿದ ಊಟ ಕೊಡಬೇಕೆಂದು ರಾಜ್ಯಗಳಿಗೆ ಆದೇಶಿಸಿತು. ಕರ್ನಾಟಕದಲ್ಲಿ ಅದು 2002ರಲ್ಲಿ ಈಶಾನ್ಯದ ಹಿಂದುಳಿದ ಜಿಲ್ಲೆಗಳಿಂದ ಶುರುವಾಗಿ ಇಡೀ ರಾಜ್ಯಕ್ಕೆ ಹರಡಿತು. ಅದಕ್ಕೆ ಸರ್ಕಾರ ಇಟ್ಟ ಹೆಸರು ‘ಅಕ್ಷರ ದಾಸೋಹ’. ನಮ್ಮ ಮಠಗಳ ಪ್ರಸಾದ ನಿಲಯಗಳಲ್ಲಿ ತಲೆಮಾರುಗಳಿಂದ ನಡೆದು ಬಂದ ಪದ ಅದು, ವಿಧಾನಸೌಧದ ಕಡತಕ್ಕೂ ಏರಿತು. ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಸರ್ಕಾರಗಳು ಬದಲಾದವು, ಮಂತ್ರಿಗಳು ಬದಲಾದರು, ಶಾಲೆಯ ಒಲೆ ಆರಲಿಲ್ಲ. ಊಟದ ಗುಣಮಟ್ಟದ ಬಗ್ಗೆ ತಕರಾರು ಇರಬಹುದು, ಅಡುಗೆ ಮಾಡುವ ತಾಯಂದಿರ ಗೌರವಧನ ಕಡಿಮೆ ಎಂಬುದಂತೂ ನಿಜ. ಆದರೂ ಮಧ್ಯಾಹ್ನ ಗಂಟೆ ಬಾರಿಸಿದಾಗ ತಟ್ಟೆಗೆ ಅನ್ನ ಬೀಳುತ್ತದೆ. ಕಾರಣವೇನು? ಅದು ಮಗುವಿನ ಲೆಕ್ಕ, ದಿನದ ಲೆಕ್ಕ. 5ನೇ ತರಗತಿಯವರೆಗಿನ ಮಗುವಿಗೆ ದಿನಕ್ಕೆ 100 ಗ್ರಾಂ ಧಾನ್ಯ, 6ರಿಂದ 8ನೇ ತರಗತಿಯ ಮಗುವಿಗೆ 150 ಗ್ರಾಂ, ಬೇಳೆ, ಎಣ್ಣೆ, ತರಕಾರಿಗೆ ತಲೆಗಿಷ್ಟು, ಅಡುಗೆಯವರಿಗೆ ತಿಂಗಳಿಗಿಷ್ಟು, ಅನಿಲಕ್ಕಿಷ್ಟು. 9 ಮತ್ತು 10ನೇ ತರಗತಿಗೆ ಕೇಂದ್ರದ ಹಣ ಇಲ್ಲದಿದ್ದರೂ ರಾಜ್ಯವೇ ಭರಿಸುತ್ತಿದೆ. ಪಾತ್ರೆ ಒಮ್ಮೆ ಕೊಟ್ಟು, ಇನ್ನು ನೀವೇ ಬೇಯಿಸಿಕೊಳ್ಳಿ ಎಂದು ಯಾರೂ ಹೇಳಲಿಲ್ಲ. ಹಾಗೆ ಹೇಳಿದ್ದರೆ ಇವತ್ತು ಪ್ರತಿ ಶಾಲೆಯಲ್ಲೂ ತುಕ್ಕು ಹಿಡಿದ ಪಾತ್ರೆಗಳ ಒಂದು ಕೋಣೆ ಇರುತ್ತಿತ್ತು.

ಕಂಪ್ಯೂಟರಿನಲ್ಲಿ ನಾವು ಮಾಡಿದ್ದು ಪಾತ್ರೆ ಕೊಡುವ ಕೆಲಸ. ಈ ಶತಮಾನದ ಆರಂಭದಲ್ಲಿ ‘ಮಾಹಿತಿ ಸಿಂಧು’ ಬಂತು. ಖಾಸಗಿ ತರಬೇತಿ ಸಂಸ್ಥೆಗಳಿಗೆ ಗುತ್ತಿಗೆ. ಅವರೇ ಯಂತ್ರ ಇಟ್ಟರು, ಅವರೇ ಬೋಧಕರನ್ನು ಕಳಿಸಿದರು. ಆಮೇಲೆ ಕೇಂದ್ರದ ‘ಐಸಿಟಿ ಅಟ್ ಸ್ಕೂಲ್ಸ್’ ಯೋಜನೆ ಹಂತ ಹಂತವಾಗಿ ಬಂತು. ಅದರಲ್ಲಿ ಬೂಟ್ ಮಾದರಿ: ಏಜೆನ್ಸಿ ಕಟ್ಟುತ್ತದೆ, ತನ್ನದಾಗಿ ಇಟ್ಟುಕೊಂಡು ಐದು ವರ್ಷ ನಡೆಸುತ್ತದೆ, ನಂತರ ಶಾಲೆಗೆ ಒಪ್ಪಿಸಿ ಹೊರಡುತ್ತದೆ. ರಸ್ತೆ, ಸೇತುವೆಗಳಲ್ಲಿ ಈ ಮಾದರಿಯ ಪರಿಚಯ ನಮಗಿದೆ. ಅಲ್ಲಿ ಒಪ್ಪಿಸಿಕೊಳ್ಳುವ ಇಲಾಖೆಯಲ್ಲಿ ಎಂಜಿನಿಯರ್ ಇರುತ್ತಾನೆ, ದುರಸ್ತಿ ಅನುದಾನ ಇರುತ್ತದೆ. ಇಲ್ಲಿ ಒಪ್ಪಿಸಿಕೊಂಡವರು ಮುಖ್ಯೋಪಾಧ್ಯಾಯರು. ಅವರ ಕೈಗೆ ಬಂದದ್ದು ಐದು ವರ್ಷ ಸವೆದ ಯಂತ್ರಗಳು, ಊದಿಕೊಂಡ ಬ್ಯಾಟರಿಗಳು ಮತ್ತು ಒಂದು ದಾಸ್ತಾನು ವಹಿ. ಬೋಧಕ ಏಜೆನ್ಸಿಯ ಜೊತೆಗೇ ಹೋದ. ಯುಪಿಎಸ್ಸಿನ ಸೀಸದ ಬ್ಯಾಟರಿ ಮೂರರಿಂದ ಐದು ವರ್ಷಕ್ಕೆ ಸಾಯುತ್ತದೆಂಬುದು ಯಾವ ಎಲೆಕ್ಟ್ರಿಷಿಯನ್ನನನ್ನು ಕೇಳಿದರೂ ತಿಳಿಯುವ ಮಾತು. ಗುತ್ತಿಗೆಯ ಅವಧಿಯೂ ಐದು, ಬ್ಯಾಟರಿಯ ಆಯುಷ್ಯವೂ ಐದು. ಶಾಲೆಯ ಪಾಲಿಗೆ ಉಳಿಯುವುದೇನು ಎಂಬುದಕ್ಕೆ ದೊಡ್ಡ ಗಣಿತ ಬೇಡ.

ಈಗ ಸಮಗ್ರ ಶಿಕ್ಷಣ ಯೋಜನೆಯ ಕೆಳಗೆ ಕೇಂದ್ರದ ಮಾನದಂಡ ಹೀಗಿದೆ: ಒಂದು ಶಾಲೆಯ ಐಸಿಟಿ ಪ್ರಯೋಗಾಲಯಕ್ಕೆ ಒಮ್ಮೆ ಮಾತ್ರ ಕೊಡುವ ಹಣ ಗರಿಷ್ಠ 6.40 ಲಕ್ಷ ರೂಪಾಯಿ. ನಡೆಸಲು ವರ್ಷಕ್ಕೆ ಗರಿಷ್ಠ 2.40 ಲಕ್ಷ, ಐದು ವರ್ಷದವರೆಗೆ. ಸ್ಮಾರ್ಟ್ ತರಗತಿಗಾದರೆ ಒಮ್ಮೆ 2.40 ಲಕ್ಷ, ವರ್ಷಕ್ಕೆ 38 ಸಾವಿರ. ಹಣದ ಹಂಚಿಕೆ ಕೇಂದ್ರ 60, ರಾಜ್ಯ 40. ಈ ಅಂಕಿಗಳನ್ನು ಸ್ವಲ್ಪ ತಾಳ್ಮೆಯಿಂದ ನೋಡಿ. ವರ್ಷಕ್ಕೆ 2.40 ಲಕ್ಷದಂತೆ ಐದು ವರ್ಷಕ್ಕೆ 12 ಲಕ್ಷ. ಅಂದರೆ ಯಂತ್ರದ ಬೆಲೆಯ ಹತ್ತಿರ ಹತ್ತಿರ ಎರಡರಷ್ಟು ಹಣ ಅದನ್ನು ನಡೆಸಲು ಬೇಕು ಎಂದು ಸ್ವತಃ ಕೇಂದ್ರವೇ ಒಪ್ಪಿಕೊಂಡಿದೆ. ನಮ್ಮ ಮನವಿ ಪತ್ರಗಳಲ್ಲಿ ಇರುವುದು ಬರೀ ಆ 6.40ರ ಭಾಗ. 12 ಲಕ್ಷದ ಭಾಗವನ್ನು ಕೇಳುವವರೇ ಇಲ್ಲ. ಆರನೆಯ ವರ್ಷದ ಮಾತಂತೂ ಮಾನದಂಡದಲ್ಲೂ ಇಲ್ಲ, ಮನವಿಯಲ್ಲೂ ಇಲ್ಲ.

ಆದ್ದರಿಂದ ನಮ್ಮ ಬೇಡಿಕೆ ಒಂದೇ ಆಗಿರಲಿ ಎಂಬುದು ನನ್ನ ಸೂಚನೆ. ಕಂಪ್ಯೂಟರ್ ಇರುವ ಪ್ರತಿ ಸರ್ಕಾರಿ ಶಾಲೆಗೆ, ಮಕ್ಕಳ ಸಂಖ್ಯೆಗೆ ಅನುಗುಣವಾಗಿ, ವರ್ಷ ವರ್ಷವೂ ತಪ್ಪದೆ ಬರುವ ನಿರ್ವಹಣಾ ಅನುದಾನ. ಅದಕ್ಕೆ ರಾಜ್ಯ ಬಜೆಟ್ಟಿನ ರಾಜಸ್ವ ಭಾಗದಲ್ಲಿ ತನ್ನದೇ ಆದ ಒಂದು ಲೆಕ್ಕ ಶೀರ್ಷಿಕೆ. ಐದು ವರ್ಷಕ್ಕೆ ಮುಗಿಯುವ ಷರತ್ತು ಇರಬಾರದು. ಇದು ಸಿಕ್ಕರೆ ಉಳಿದದ್ದು ಹಿಂದೆಯೇ ಬರುತ್ತದೆ. ಇದು ಸಿಗದೆ ಹತ್ತು ಸಾವಿರ ಕಂಪ್ಯೂಟರ್ ಬಂದರೂ ಸ್ವೀಕರಿಸುವಾಗ ಯೋಚಿಸಬೇಕು.

ಹಣ ಬಂದ ಮೇಲೆ ಕೈಗಳು ಬೇಕು. ನಮ್ಮ ಹೆಚ್ಚಿನ ಪ್ರೌಢಶಾಲೆಗಳಲ್ಲಿ ಕಂಪ್ಯೂಟರ್ ಕೊಠಡಿಯ ಹೊಣೆ ಗಣಿತದ ಅಥವಾ ವಿಜ್ಞಾನದ ಶಿಕ್ಷಕರ ಹೆಗಲಿಗೆ ಬಿದ್ದಿರುತ್ತದೆ. ಪಾಠ, ಪರೀಕ್ಷೆ, ಗಣತಿ, ಚುನಾವಣೆ ಕೆಲಸ, ಮೊಟ್ಟೆ-ಬಾಳೆಹಣ್ಣಿನ ಲೆಕ್ಕ, ಇವುಗಳ ನಡುವೆ ಅವರು ಕೇಬಲ್ಲು ಹುಡುಕುತ್ತಾ ಕೂರಲಾರರು. ಪ್ರತಿ ಸಮೂಹ ಸಂಪನ್ಮೂಲ ಕೇಂದ್ರಕ್ಕೆ ಒಬ್ಬ ತಂತ್ರಜ್ಞ, ಅವನಿಗೆ ಒಂದು ಬೈಕು, ಒಂದು ಚೀಲದ ತುಂಬ ಬಿಡಿಭಾಗ. ಇಷ್ಟು ಇದ್ದರೆ ಹತ್ತು ಹದಿನೈದು ಶಾಲೆ ನೋಡಿಕೊಳ್ಳಬಲ್ಲ ಎಂಬುದು ಕ್ಷೇತ್ರದಲ್ಲಿ ತಿರುಗಿದ ನನ್ನ ಅಂದಾಜು. ಐಟಿಐ, ಡಿಪ್ಲೊಮಾ ಮುಗಿಸಿ ಬೆಂಗಳೂರಿನ ಬಸ್ಸು ಕಾಯುತ್ತಿರುವ ಹುಡುಗರು, ಹುಡುಗಿಯರು ಪ್ರತಿ ಹೋಬಳಿಯಲ್ಲೂ ಇದ್ದಾರೆ.

ಇದೆಲ್ಲ ಆಗದ ಮಾತು ಎನ್ನುವವರು ಪಕ್ಕದ ಕೇರಳವನ್ನು ನೋಡಬೇಕು. ಅಲ್ಲಿ ‘ಐಟಿ ಅಟ್ ಸ್ಕೂಲ್’ ಯೋಜನೆ 2001ರಲ್ಲಿ, ಹೆಚ್ಚುಕಡಿಮೆ ನಮ್ಮ ಮಾಹಿತಿ ಸಿಂಧುವಿನ ಕಾಲದಲ್ಲೇ, ಆರಂಭವಾಯಿತು. ನಾವು ಕಂಪನಿಗಳಿಗೆ ಗುತ್ತಿಗೆ ಕೊಟ್ಟೆವು. ಅವರು ತಮ್ಮ ಶಾಲಾ ಶಿಕ್ಷಕರಲ್ಲೇ ಆಸಕ್ತರನ್ನು ಆರಿಸಿ ತರಬೇತುದಾರರನ್ನಾಗಿ ಮಾಡಿದರು. ಒಂದೇ ಕಂಪನಿಯ ತಂತ್ರಾಂಶಕ್ಕೆ ಮಕ್ಕಳನ್ನು ಕಟ್ಟಿಹಾಕಬಾರದೆಂದು ಶಿಕ್ಷಕರ ಸಂಘಟನೆಯವರೂ ಸ್ವತಂತ್ರ ತಂತ್ರಾಂಶದ ಕಾರ್ಯಕರ್ತರೂ ಸರ್ಕಾರದ ಬೆನ್ನು ಹತ್ತಿದರು. ಕೊನೆಗೆ ಅಲ್ಲಿನ ಶಾಲೆಗಳು ಪರವಾನಗಿ ಶುಲ್ಕವಿಲ್ಲದ ಗ್ನು-ಲಿನಕ್ಸ್‌ಗೆ ಬದಲಾದವು. 2017ರಲ್ಲಿ ಆ ಯೋಜನೆ ‘ಕೈಟ್’ ಎಂಬ ಸರ್ಕಾರಿ ಕಂಪನಿಯಾಗಿ ಕಾಯಂ ರೂಪ ಪಡೆಯಿತು. 8ರಿಂದ 12ನೇ ತರಗತಿಯ 45,000 ಕೊಠಡಿಗಳನ್ನು ಹೈಟೆಕ್ ಮಾಡುವ ಕೆಲಸ ಕೈಗೆತ್ತಿಕೊಂಡಾಗ ಅವರು ಖರೀದಿ ಕರಾರಿನಲ್ಲೇ ಐದು ವರ್ಷದ ವಾರಂಟಿ ಸೇರಿಸಿದರು. ಶಾಲೆಯವರು ದೂರು ಕೊಡಲು ಜಾಲತಾಣ, ಕರೆ ಕೇಂದ್ರ. ನಿಗದಿಯಾದ ದಿನದೊಳಗೆ ದುರಸ್ತಿಯಾಗದಿದ್ದರೆ ಸರಬರಾಜು ಮಾಡಿದವರಿಗೆ ದಂಡ. ಎಂಜಿನಿಯರನಾದ ನನ್ನ ಕಣ್ಣಿಗೆ ಅವರ ಪ್ರೊಜೆಕ್ಟರಿಗಿಂತ ಆ ದಂಡದ ಕಲಮು ಚಂದ ಕಾಣುತ್ತದೆ.

ಮತ್ತೊಂದು ತುದಿಯ ಪಾಠವೂ ಇದೆ. ದಕ್ಷಿಣ ಅಮೆರಿಕದ ಪೆರು ದೇಶ ‘ಪ್ರತಿ ಮಗುವಿಗೆ ಒಂದು ಲ್ಯಾಪ್‌ಟಾಪ್’ ಎಂಬ ಘೋಷಣೆ ನಂಬಿ ಲಕ್ಷಗಟ್ಟಲೆ ಯಂತ್ರ ಹಂಚಿತು. ಅಲ್ಲಿನ 319 ಹಳ್ಳಿ ಶಾಲೆಗಳನ್ನು ಅಭ್ಯಸಿಸಿ 2012ರಲ್ಲಿ ಹೊರಬಂದ ವರದಿ, ಮಕ್ಕಳ ಗಣಿತದಲ್ಲಾಗಲಿ ಭಾಷೆಯಲ್ಲಾಗಲಿ ಏರಿಕೆ ಕಾಣಲಿಲ್ಲವೆಂದು ಹೇಳಿತು. ನಮ್ಮಲ್ಲೇ ಕೆಲವು ಹಿರಿಯರು, ಶೌಚಾಲಯಕ್ಕೆ ನೀರಿಲ್ಲ, ಒಬ್ಬ ಶಿಕ್ಷಕ ಮೂರು ತರಗತಿಗೆ ಪಾಠ ಮಾಡುತ್ತಾನೆ, ಇದರ ನಡುವೆ ಕಂಪ್ಯೂಟರ್ ಏಕೆ ಎಂದು ಕೇಳುತ್ತಾರೆ. ಆ ಪ್ರಶ್ನೆಯನ್ನು ನಾನು ತಳ್ಳಿಹಾಕುವುದಿಲ್ಲ. ಶಿಕ್ಷಕರ ಹುದ್ದೆ ಖಾಲಿ ಇಟ್ಟು ಆ ಜಾಗಕ್ಕೆ ಪರದೆ ತೂಗುಹಾಕುವ ಯೋಜನೆ ಬಂದರೆ ಮೊದಲು ವಿರೋಧಿಸುವವರಲ್ಲಿ ನಾವಿರಬೇಕು. ಆದರೆ ಪಟ್ಟಣದ ಖಾಸಗಿ ಶಾಲೆಯ ಮಗು ಮನೆಯಲ್ಲೂ ಕಂಪ್ಯೂಟರ್ ಮುಟ್ಟುತ್ತದೆ. ಕೂಲಿಯ ಮನೆಯ ಮಗುವಿಗೆ ಶಾಲೆ ಬಿಟ್ಟರೆ ಬೇರೆ ದಾರಿಯಿಲ್ಲ. ಆ ಮಗು ಮುಂದೆ ಸ್ಪರ್ಧಾತ್ಮಕ ಪರೀಕ್ಷೆಯ ಅರ್ಜಿ ತುಂಬಬೇಕಾದಾಗ ಸೈಬರ್ ಅಂಗಡಿಯವನ ಎದುರು ಕೈಕಟ್ಟಿ ನಿಲ್ಲುತ್ತದೆ, ಅವನು ತಪ್ಪು ತುಂಬಿದರೆ ಒಂದು ವರ್ಷವೇ ಹೋಗುತ್ತದೆ.

ವಿದ್ಯುತ್ತಿನ ವಿಷಯದಲ್ಲಿ ಒಂದು ಒಳ್ಳೆಯ ಬೆಳವಣಿಗೆಯಾಗಿದೆ. 2023ರ ರಾಜ್ಯೋತ್ಸವದಂದು ಮುಖ್ಯಮಂತ್ರಿಗಳು ಸರ್ಕಾರಿ ಶಾಲೆಗಳಿಗೆ ಉಚಿತ ವಿದ್ಯುತ್ ಮತ್ತು ನೀರು ಘೋಷಿಸಿದರು. ನಡೆಸುವ ವೆಚ್ಚವನ್ನು ಸರ್ಕಾರ ಕಾಯಮ್ಮಾಗಿ ಹೊರಬಲ್ಲದು ಎಂಬುದಕ್ಕೆ ಇದಕ್ಕಿಂತ ಹತ್ತಿರದ ಸಾಕ್ಷಿ ಬೇಡ. ನಮ್ಮ ಮನವಿಯಲ್ಲಿ ಇದನ್ನು ಉಲ್ಲೇಖಿಸಲೇಬೇಕು.

ಅಂತರ್ಜಾಲದ ಮಾತು ಸ್ವಲ್ಪ ಬೇರೆ. 2025-26ರ ಕೇಂದ್ರ ಬಜೆಟ್ಟಿನಲ್ಲಿ ಗ್ರಾಮೀಣ ಪ್ರದೇಶದ ಎಲ್ಲ ಸರ್ಕಾರಿ ಪ್ರೌಢಶಾಲೆಗಳಿಗೂ ಪ್ರಾಥಮಿಕ ಆರೋಗ್ಯ ಕೇಂದ್ರಗಳಿಗೂ ಭಾರತ್‌ನೆಟ್ ಮೂಲಕ ಬ್ರಾಡ್‌ಬ್ಯಾಂಡ್ ಕೊಡುವುದಾಗಿ ಹೇಳಲಾಗಿದೆ. ಸ್ವಾಗತಾರ್ಹ. ಆದರೆ ಹಿರಿಯ ಪ್ರಾಥಮಿಕ ಶಾಲೆಗಳು ಆ ಮಾತಿನಲ್ಲಿ ಸೇರಿಲ್ಲ. ತಂತಿ ಎಳೆದ ಮೇಲೆ ತಿಂಗಳ ಬಿಲ್ಲನ್ನು ಯಾರು ಕಟ್ಟಬೇಕೆಂಬುದನ್ನೂ ನಾವು ಮೊದಲೇ ಬಿಡಿಸಿ ಕೇಳಬೇಕು. ಅಮೆರಿಕದಲ್ಲಿರುವ ನಮ್ಮ ಬಂಧುಗಳಿಗೆ ಅಲ್ಲಿನ ‘ಇ-ರೇಟ್’ ವ್ಯವಸ್ಥೆಯ ಹೆಸರು ಗೊತ್ತಿರಬಹುದು. 1996ರ ದೂರಸಂಪರ್ಕ ಕಾಯ್ದೆಯಿಂದ ಬಂದದ್ದು ಅದು. ದೂರಸಂಪರ್ಕ ಕಂಪನಿಗಳಿಂದ ಸಂಗ್ರಹಿಸಿದ ಹಣದಲ್ಲಿ ಶಾಲೆ ಮತ್ತು ಗ್ರಂಥಾಲಯಗಳ ಸಂಪರ್ಕ ವೆಚ್ಚಕ್ಕೆ ಶೇ. 20ರಿಂದ 90ರವರೆಗೆ ರಿಯಾಯಿತಿ ಕೊಡುತ್ತಾರೆ. ಎಷ್ಟು ರಿಯಾಯಿತಿ ಎಂಬುದನ್ನು ನಿರ್ಧರಿಸಲು ಅವರು ಮುಖ್ಯವಾಗಿ ನೋಡುವುದು ಶಾಲೆಯ ಎಷ್ಟು ಮಕ್ಕಳು ಸರ್ಕಾರದ ಸಹಾಯದ ಊಟಕ್ಕೆ ಅರ್ಹರು ಎಂಬುದನ್ನು. ಅಲ್ಲಿಯೂ ಊಟದ ಲೆಕ್ಕವೇ ಅಂತರ್ಜಾಲದ ಲೆಕ್ಕಕ್ಕೆ ಆಧಾರ. ನಮ್ಮ ದೇಶದಲ್ಲೂ ದೂರಸಂಪರ್ಕ ಕಂಪನಿಗಳ ಆದಾಯದ ಮೇಲೆ ಶೇ. 5ರ ಲೆವಿ ಇದೆ; ಮೊದಲು ಸಾರ್ವತ್ರಿಕ ಸೇವಾ ನಿಧಿ ಎಂದಿದ್ದದ್ದು ಈಗ ‘ಡಿಜಿಟಲ್ ಭಾರತ್ ನಿಧಿ’ ಆಗಿದೆ. ಸರ್ಕಾರಿ ಶಾಲೆಯ ತಿಂಗಳ ಅಂತರ್ಜಾಲ ಬಿಲ್ಲು ಆ ನಿಧಿಯಿಂದ ಹೋಗಲಿ ಎಂದು ನಮ್ಮ ಸಂಸದರು ಲೋಕಸಭೆಯಲ್ಲಿ ಕೇಳಬಹುದಲ್ಲವೇ? ಚುನಾವಣೆಯ ಮುನ್ನ ಮಠಕ್ಕೆ ಬಂದು ಆಶೀರ್ವಾದ ಬೇಡುವವರಿಗೆ ಮಠದಿಂದ ಒಂದು ಪ್ರಶ್ನೆ ಕಳಿಸಿಕೊಡುವುದು ಹೆಚ್ಚಾಗದು.

ಇನ್ನು ಕೇಳುವ ಹೊತ್ತು. ಸರ್ಕಾರಕ್ಕೆ ಒಂದು ಪಂಚಾಂಗವಿದೆ, ಅದನ್ನು ತಿಳಿಯದೆ ಕೊಟ್ಟ ಮನವಿ ಕಡತಕ್ಕೆ ಸೇರುತ್ತದೆ, ಲೆಕ್ಕಕ್ಕೆ ಸೇರುವುದಿಲ್ಲ. ಮುಖ್ಯಮಂತ್ರಿಗಳು ಬಜೆಟ್ ಓದುವುದು ಫೆಬ್ರವರಿ ಅಥವಾ ಮಾರ್ಚಿನಲ್ಲಿ. ಇಲಾಖೆಗಳು ತಮ್ಮ ಅಂದಾಜು ಸಿದ್ಧಪಡಿಸುವುದು ಹಿಂಗಾರಿನ ಹೊತ್ತಿಗೆ. ಸಮಗ್ರ ಶಿಕ್ಷಣದ ವಾರ್ಷಿಕ ಯೋಜನೆ ಜಿಲ್ಲೆಗಳಿಂದ ಕೂಡಿಕೊಂಡು ಬೆಂಗಳೂರಿಗೆ, ಅಲ್ಲಿಂದ ದೆಹಲಿಯ ಯೋಜನಾ ಅನುಮೋದನಾ ಮಂಡಳಿಗೆ ಹೋಗುತ್ತದೆ. ಬಜೆಟ್ ಓದಿದ ಮರುವಾರ ಹಾರ ಹಿಡಿದು ಹೋಗುವ ನಿಯೋಗಕ್ಕೆ ಸಿಗುವುದು ‘ಪರಿಶೀಲಿಸುತ್ತೇವೆ’ ಎಂಬ ಮಾತು ಮತ್ತು ಒಂದು ಲೋಟ ಚಹಾ. ನೌಕರಿಯಲ್ಲಿದ್ದಾಗ ಮೇಜಿನ ಆಚೆ ಕೂತು ಇಂಥ ನಿಯೋಗಗಳನ್ನು ಎಷ್ಟೋ ನೋಡಿದ್ದೇನೆ. ಪತ್ರದಲ್ಲಿ ಶಾಲೆಯ ಹೆಸರು, ಹನ್ನೊಂದು ಅಂಕಿಯ ಯು-ಡೈಸ್ ಸಂಖ್ಯೆ, ಮಕ್ಕಳ ಸಂಖ್ಯೆ, ಕೇಳುವ ಮೊತ್ತ, ಯಾವ ಯೋಜನೆಯ ಯಾವ ಬಾಬಿನಿಂದ ಎಂಬುದು ಇದ್ದರೆ ಗುಮಾಸ್ತ ಅದನ್ನು ಕೆಳಗಿಡಲಾರ, ಅದಕ್ಕೊಂದು ಟಿಪ್ಪಣಿ ಬರೆಯಲೇಬೇಕಾಗುತ್ತದೆ.

ಯು-ಡೈಸ್ ಎಂದೆ. ಓದುಗರು ಇದನ್ನು ಗಮನಿಸಬೇಕು. ದೇಶದ ಪ್ರತಿ ಶಾಲೆಯ ಮುಖ್ಯೋಪಾಧ್ಯಾಯರು ವರ್ಷಕ್ಕೊಮ್ಮೆ ಶಾಲೆಯ ವಿವರ ಈ ವ್ಯವಸ್ಥೆಗೆ ತುಂಬುತ್ತಾರೆ. 2023-24ರ ವರದಿಯ ಪ್ರಕಾರ ದೇಶದ ಶೇ. 91.8 ಶಾಲೆಗಳಲ್ಲಿ ವಿದ್ಯುತ್ ಇದೆ, ಶೇ. 57.2 ಶಾಲೆಗಳಲ್ಲಿ ಕೆಲಸ ಮಾಡುವ ಕಂಪ್ಯೂಟರ್ ಇದೆ, ಶೇ. 53.9ರಲ್ಲಿ ಅಂತರ್ಜಾಲ ಇದೆ. ದೆಹಲಿಯಲ್ಲೂ ಬೆಂಗಳೂರಿನಲ್ಲೂ ಹಣ ಹಂಚುವವರು ನೋಡುವುದು ಈ ಅಂಕಿಗಳನ್ನು. ಈಗ ಒಂದು ಶಾಲೆಯಲ್ಲಿ ಹತ್ತು ಯಂತ್ರಗಳಲ್ಲಿ ಒಂದು ಮಾತ್ರ ಕಚೇರಿಯಲ್ಲಿ ನಡೆಯುತ್ತಿದೆ, ಉಳಿದ ಒಂಬತ್ತು ಬಟ್ಟೆ ಹೊದ್ದು ಮಲಗಿವೆ ಎಂದುಕೊಳ್ಳಿ. ಮೇಲಿನವರ ಸಿಟ್ಟಿಗೆ ಅಂಜಿ ಹತ್ತೂ ನಡೆಯುತ್ತಿವೆ ಎಂದು ತುಂಬಿದರೆ ಆ ಶಾಲೆ ಸರ್ಕಾರದ ಕಣ್ಣಿಗೆ ಸಮೃದ್ಧ ಶಾಲೆ. ಮುಂದೆ ಅದಕ್ಕೆ ಬಿಡಿಗಾಸೂ ಬರುವುದಿಲ್ಲ. ಮುಖ್ಯೋಪಾಧ್ಯಾಯರನ್ನು ದೂರುವುದರಿಂದ ಪ್ರಯೋಜನವಿಲ್ಲ. ಊರವರು, ಪೂಜ್ಯರು ಅವರ ಬೆನ್ನಿಗೆ ನಿಂತು, ಇದ್ದದ್ದನ್ನು ಇದ್ದಂತೆ ತುಂಬಿ ಎಂದು ಧೈರ್ಯ ಹೇಳಬೇಕು.

ಧೈರ್ಯಕ್ಕೆ ಕಾನೂನಿನ ಆಸರೆಯೂ ಇದೆ. ಶಿಕ್ಷಣ ಹಕ್ಕು ಕಾಯ್ದೆ 2009ರ 22ನೇ ಕಲಮಿನಂತೆ ಶಾಲಾ ನಿರ್ವಹಣಾ ಸಮಿತಿ, ಅಂದರೆ ನಮ್ಮ ಎಸ್‌ಡಿಎಂಸಿ, ಶಾಲಾ ಅಭಿವೃದ್ಧಿ ಯೋಜನೆ ಬರೆಯಬೇಕು. ಸರ್ಕಾರದ ಯೋಜನೆ ಮತ್ತು ಅನುದಾನಕ್ಕೆ ಆ ಕಾಗದವೇ ಆಧಾರವಾಗಬೇಕು. ಕಾಯ್ದೆಯ ಅನುಸೂಚಿಯಲ್ಲಿ ಗ್ರಂಥಾಲಯ, ಆಟದ ಸಾಮಗ್ರಿಗಳಿವೆ, ಕಂಪ್ಯೂಟರ್ ಹೆಸರಿಲ್ಲ ಎಂಬುದು ನಿಜ. ಆದರೆ ಹೆಚ್ಚುವರಿ ಸಲಕರಣೆಯನ್ನು ಯೋಜನೆಯಲ್ಲಿ ಬರೆಯಲು ಅಡ್ಡಿಯಿಲ್ಲ. ಎಷ್ಟು ಊರುಗಳಲ್ಲಿ ಈ ಯೋಜನೆಯನ್ನು ಪಾಲಕರು ಕೂತು ಬರೆದಿದ್ದಾರೆ? ಹೆಚ್ಚಿನ ಕಡೆ ಅದು ಸಹಿಗಳಿರುವ ಒಂದು ಖಾಲಿ ಕಾಗದ. ಎಸ್‌ಡಿಎಂಸಿಯಲ್ಲಿ ನಮ್ಮ ಓದುಗರು ಸಾಕಷ್ಟು ಮಂದಿ ಇದ್ದೀರಿ. ಎರಡು ಸಂಜೆ ಕೂತರೆ ಆಗುವ ಕೆಲಸ. ಹಿಂದೆ ಬಂದ ಹಣ ಎಲ್ಲಿ ಹೋಯಿತೆಂದು ತಿಳಿಯಬೇಕಾದರೆ ಮಾಹಿತಿ ಹಕ್ಕು ಕಾಯ್ದೆಯಲ್ಲಿ 10 ರೂಪಾಯಿ ಶುಲ್ಕ ಕಟ್ಟಿ ಅರ್ಜಿ ಹಾಕಿ, 30 ದಿನದಲ್ಲಿ ಉತ್ತರ ಕೊಡಬೇಕು.

ಒಂದು ಎಚ್ಚರಿಕೆಯ ಮಾತನ್ನೂ ಹೇಳಬೇಕಾಗಿದೆ. ಸ್ಮಾರ್ಟ್ ತರಗತಿ, ಟ್ಯಾಬ್ಲೆಟ್, ಕಲಿಕಾ ಆ್ಯಪ್ ಮಾರುವವರು ಈಗ ಮಠಗಳ ಬಾಗಿಲಿಗೂ ಬರುತ್ತಿದ್ದಾರೆ. ಅವರ ಕೈಯಲ್ಲಿ ಸಿದ್ಧಪಡಿಸಿದ ಮನವಿ ಪತ್ರ ಇರುತ್ತದೆ, ಪೂಜ್ಯರ ಸಹಿಯೊಂದೇ ಬಾಕಿ. ಅದರಲ್ಲಿ ಬರೆದ ತಾಂತ್ರಿಕ ವಿವರಣೆ ಅವರ ಕಂಪನಿಯ ಸರಕಿಗೆ ಮಾತ್ರ ಹೊಂದುವಂತಿರುತ್ತದೆ. ಟೆಂಡರಿನ ಕೆಲಸ ಮಾಡಿದ ನನಗೆ ಅಂಥ ಒಕ್ಕಣೆ ದೂರದಿಂದಲೇ ಗುರುತು ಸಿಗುತ್ತದೆ. ಪೂಜ್ಯರಲ್ಲಿ ವಿನಂತಿ: ಸಹಿ ಹಾಕುವ ಮುನ್ನ ನಿಮ್ಮ ಭಕ್ತರಲ್ಲೇ ಇರುವ ಎಂಜಿನಿಯರರಿಗೆ, ಕಂಪ್ಯೂಟರ್ ಬಲ್ಲ ಶಿಕ್ಷಕರಿಗೆ ಒಮ್ಮೆ ತೋರಿಸಿ. ನಾವು ಕೇಳುವ ತಂತ್ರಾಂಶ ಕನ್ನಡದಲ್ಲಿ ಮಾತಾಡುವಂಥದ್ದಿರಲಿ, ಯಾರ ಪರವಾನಗಿಗೂ ವರ್ಷ ವರ್ಷ ಕಪ್ಪ ಕಟ್ಟದಂಥದ್ದಿರಲಿ. ಕನ್ನಡ ಗಣಕ ಪರಿಷತ್ತಿನ ‘ನುಡಿ’ಯಂಥ ಕೆಲಸ ನಮ್ಮವರಿಂದಲೇ ಆಗಿದೆ; ಜ್ಯಾಮಿತಿ ಕಲಿಸುವ ‘ಜಿಯೋಜೀಬ್ರಾ’ದಂಥ ಸಲಕರಣೆ ಶಾಲೆಗಳಿಗೆ ಪುಕ್ಕಟೆಯಾಗಿ ಸಿಗುತ್ತದೆ. ಇಂಥವನ್ನು ಹಾಕಿಕೊಟ್ಟು ಶಿಕ್ಷಕರಿಗೆ ಕಲಿಸುವುದಕ್ಕೆ ಆಗುವ ಖರ್ಚು, ಒಂದು ಹೊಳೆಯುವ ಬೋರ್ಡಿನ ಬೆಲೆಯ ಮುಂದೆ ಸಣ್ಣದು.

ನಮ್ಮ ಮನೆಯ ಮಾತಿಗೆ ಬರುತ್ತೇನೆ. 1916ರಲ್ಲಿ ಬೆಳಗಾವಿಯಲ್ಲಿ ಕೆಎಲ್ಇ ಸಂಸ್ಥೆ ಕಟ್ಟಿದ ಶಿಕ್ಷಕರ ಕಾಲದಿಂದ, ತುಮಕೂರಿನ ಸಿದ್ಧಗಂಗೆಯಲ್ಲಿ ಎಲ್ಲ ಜಾತಿಯ ಮಕ್ಕಳಿಗೆ ಅನ್ನ-ಅಕ್ಷರ ಕೊಟ್ಟ ಶಿವಕುಮಾರ ಮಹಾಸ್ವಾಮಿಗಳ ಕಾಲದವರೆಗೆ, ನಾಡಿನ ಶಿಕ್ಷಣಕ್ಕೆ ನಮ್ಮ ಕೊಡುಗೆ ದೊಡ್ಡದು. ಇವತ್ತು ಹಲವು ಮಠಗಳಿಗೆ ತಮ್ಮದೇ ಶಾಲೆ-ಕಾಲೇಜುಗಳಿವೆ. ರಾಜ್ಯ ಬಜೆಟ್ಟಿನಲ್ಲಿ ಮಠಗಳಿಗೆ ಅನುದಾನ ಬಂದದ್ದೂ ಉಂಟು. ಹೀಗಿರುವಾಗ ಪೂಜ್ಯರು ಮುಖ್ಯಮಂತ್ರಿಗಳ ಎದುರು ಕೂತ ಹದಿನೈದು ನಿಮಿಷದಲ್ಲಿ ಯಾವ ಶಾಲೆಯ ಮಾತು ಬರುತ್ತದೆ? ನಮ್ಮ ಸಂಸ್ಥೆಯ ಹೊಸ ಕಟ್ಟಡದ ಮಾತು ಮಾತ್ರ ಬಂದರೆ, ಮಠದ ಎದುರಿನ ಸರ್ಕಾರಿ ಶಾಲೆಗೆ ಮಾತಾಡುವವರು ಇರುವುದಿಲ್ಲ. ಅನುಕೂಲವುಳ್ಳ ನಮ್ಮವರ ಮಕ್ಕಳು ಹಳದಿ ಬಸ್ಸು ಹತ್ತಿ ಹೋಗಿಯಾಗಿದೆ. ಆ ಶಾಲೆಯಲ್ಲಿ ಉಳಿದವರು ಮಾದಾರರ, ಸಮಗಾರರ, ಅಗಸರ, ಅಂಬಿಗರ ಮಕ್ಕಳು, ನಮ್ಮಲ್ಲೇ ಭೂಮಿಯಿಲ್ಲದವರ ಮಕ್ಕಳು. ಕಲ್ಯಾಣದಲ್ಲಿ ಬಸವಣ್ಣನವರ ಜೊತೆ ಸರಿಸಮವಾಗಿ ಕೂತವರ ಕುಲದವರು ಇವರು. ಅವರ ಶಾಲೆಗಾಗಿ ಕೇಳುವಾಗ ನಮಗೆ ಸ್ವಾರ್ಥದ ಆರೋಪವೂ ಅಂಟದು. ಯಾವ ಪಕ್ಷದ ಸರ್ಕಾರವಿದ್ದರೂ ಅಂಥ ಬೇಡಿಕೆಯನ್ನು ಇಲ್ಲವೆನ್ನುವುದು ಸುಲಭವಲ್ಲ.

ಹೀಗಾಗಿ ಈ ಶ್ರಾವಣದಲ್ಲಿ ಒಂದು ಕೆಲಸ. ಪತ್ರಿಕೆ ತಲುಪುವ ಪ್ರತಿ ಮಠವೂ ತನ್ನ ಸುತ್ತಲಿನ ಐದು ಸರ್ಕಾರಿ ಶಾಲೆ ಆರಿಸಿಕೊಳ್ಳಲಿ. ಪ್ರವಚನಕ್ಕೆ ಬರುವವರಲ್ಲಿ ಇಬ್ಬರು ನಿವೃತ್ತ ನೌಕರರು, ಒಬ್ಬ ಕಾಲೇಜು ವಿದ್ಯಾರ್ಥಿ, ಎಸ್‌ಡಿಎಂಸಿಯ ಒಬ್ಬ ತಾಯಿ, ಇವರ ತಂಡ ಮುಖ್ಯೋಪಾಧ್ಯಾಯರ ಅನುಮತಿ ಪಡೆದು ಶಾಲೆಗೆ ಹೋಗಿ ನೋಡಿ ಬರಲಿ. ಬಿಳಿ ಹಾಳೆಯಲ್ಲಿ ಬರೆದು ಕಳಿಸಿದರೂ ಸಾಕು: ಯು-ಡೈಸ್ ಸಂಖ್ಯೆ, ಮಕ್ಕಳೆಷ್ಟು, ಯಂತ್ರಗಳೆಷ್ಟು, ಯಾವ ವರ್ಷ ಬಂದವು, ಯಾರು ಕೊಟ್ಟರು, ಇವತ್ತು ಗುಂಡಿ ಒತ್ತಿದರೆ ಹತ್ತುವುದೆಷ್ಟು, ಬ್ಯಾಟರಿ ಇದೆಯೇ, ಅಂತರ್ಜಾಲ ಇದ್ದರೆ ಬಿಲ್ಲು ಕಟ್ಟುವವರು ಯಾರು, ವಾರಕ್ಕೆ ಒಂದು ಮಗುವಿಗೆ ಎಷ್ಟು ಹೊತ್ತು ಸಿಗುತ್ತದೆ. ಶಿಕ್ಷಕರ ಹೆಸರು ಬರೆಯಬೇಡಿ, ಅವರಿಗೆ ತೊಂದರೆಯಾಗುವುದು ಬೇಡ. ಮಹಾನವಮಿಯೊಳಗೆ ಪತ್ರಿಕೆಯ ಕಚೇರಿಗೆ ಮುಟ್ಟಲಿ. ಬಂದದ್ದನ್ನೆಲ್ಲ ತಾಲ್ಲೂಕುವಾರು ಕೂಡಿಸಿ ಪಟ್ಟಿ ಮಾಡುವ ಕೆಲಸ ನನ್ನದು. ದೀಪಾವಳಿಯ ನಂತರ, ಇಲಾಖೆಗಳ ಅಂದಾಜು ಆರ್ಥಿಕ ಇಲಾಖೆಯಲ್ಲಿ ಅಂತಿಮವಾಗುವ ಮೊದಲು, ಆ ಪಟ್ಟಿ ಹಿಡಿದು ಬೆಂಗಳೂರಿಗೆ ಹೋಗೋಣ. ಪಟ್ಟಿಯನ್ನು ಮುಂದಿನ ಸಂಚಿಕೆಗಳಲ್ಲಿ ಪೂರ್ತಿಯಾಗಿ ಅಚ್ಚು ಹಾಕುತ್ತೇವೆ.

ಹಾಳೆಯ ಕೊನೆಗೆ ಇನ್ನೊಂದು ಸಾಲು ಬರೆಯುವುದನ್ನು ಮಾತ್ರ ಬಿಡಬೇಡಿ: ಕಂಪ್ಯೂಟರ್ ಕೊಠಡಿಯ ಬೀಗದ ಕೈ ಯಾರ ಹತ್ತಿರ ಇದೆ, ಅದನ್ನು ಕೊನೆಯ ಸಲ ತೆರೆದದ್ದು ಯಾವಾಗ.